ಹದಿನಾರು ಆಧಾರಗಳ ಅಜ್ಜ

ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು. ಸಾಧಿಸಿ ತೋರಿಸದ ಹೊರತು ಯಾವ ಹುಡುಗನ ಉತ್ತರಕ್ಕೂ ಸರಿ ಗುರುತು ಹಾಕಿದವಳಲ್ಲ. ಅದಕ್ಕೇ ಇರಬೇಕು, ತಲೆಯೂ ಇಲ್ಲದ ಬುಡವೂ ಇಲ್ಲದ ಮಾತುಗಳೆಲ್ಲ ನನ್ನ ಮನೆ ವಿಳಾಸ ಹುಡುಕಿಕೊಂಡೇ ಬರುತ್ತವೆ.

ಮನೆಗೆ ಕಂಪ್ಯೂಟರ್ ಬಂದ ಹೊಸತು. ವಂಶವೃಕ್ಷ ಬರೆಯುವ ಒಂದು ಸಾಫ್ಟ್‌ವೇರ್ ಸಿಕ್ಕಿತು. ಅದರಲ್ಲಿ ಪ್ರತಿಯೊಬ್ಬರ ಹೆಸರಿನ ಕೆಳಗೂ 'ಆಧಾರ' ಎಂದು ಒಂದು ಜಾಗ. ಇವರು ಇಂಥ ದಿನ ಹುಟ್ಟಿದರು ಅಂತ ನಿನಗೆ ಹೇಗೆ ಗೊತ್ತು, ಯಾರು ಹೇಳಿದರು, ಯಾವ ಕಾಗದದಲ್ಲಿದೆ, ಅಲ್ಲಿ ಬರೆಯಬೇಕು. ನನಗೆ ಸ್ವರ್ಗವೇ ಸಿಕ್ಕಿದಂತಾಯಿತು. ಹಿರಿಯೂರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ನಮ್ಮ ಚಿಕ್ಕಪ್ಪನ ಮಗ, "ಅಕ್ಕ, ಇದನ್ನ ಇಂಟರ್‌ನೆಟ್ಟಿಗೆ ಹಾಕಾಣ, ನೆಂಟರೆಲ್ಲ ನೋಡ್ಲಿ" ಅಂದ. ಹಾಕಿದ. ನನ್ನ ಕಂಪ್ಯೂಟರಿನ ಮರ, ಇಂಟರ್‌ನೆಟ್ಟಿನ ಮರ, ಎರಡನ್ನೂ ಸರಿಸಮ ಮಾಡಲು 'ಸಿಂಕ್' ಅಂತ ಒಂದು ಗುಂಡಿ. ಆ ಗುಂಡಿ ಕಂಡುಹಿಡಿದ ಪುಣ್ಯಾತ್ಮ ಎದುರಿಗೆ ಸಿಕ್ಕರೆ ಬೆಂಚಿನ ಮೇಲೆ ನಿಲ್ಲಿಸುತ್ತೇನೆ.

ಎಮ್ಮೆಯ ಸಾಕ್ಷಿ

ಮೊದಲು ಹೋದದ್ದು ಮದಕರಿಪುರಕ್ಕೆ, ನಮ್ಮ ಸೋದರತ್ತೆಯ ಮನೆಗೆ. ಅಪ್ಪನ ಅಕ್ಕ. ಎಪ್ಪತ್ತು ದಾಟಿದ್ದರೂ ನಾಲಿಗೆಗೆ ಇನ್ನೂ ಹದಿನಾರೇ. ಅಪ್ಪ ಹುಟ್ಟಿದ ದಿನ ಸರಿಯಾಗಿ ಗೊತ್ತಿದ್ದರೆ ಇವರೊಬ್ಬರಿಗೇ ಗೊತ್ತಿರಬೇಕು.

"ಅತ್ತೆ, ಅಪ್ಪ ಹುಟ್ಟಿದ್ದು ಯಾವಾಗ?"

"ನಮ್ಮ ಕರೆಮ್ಮೆ ಈದು ಮೂರು ದಿನಕ್ಕೆ."

ಬರೆದುಕೊಂಡೆ. ಆಮೇಲೆ, "ಅದಕ್ಕೆ ಆಧಾರ ಏನತ್ತೆ?" ಅಂದೆ. ಅಷ್ಟೇ. ಅತ್ತೆ ಸೊಪ್ಪು ಸೋಸುತ್ತಿದ್ದ ಮೊರ ಪಕ್ಕಕ್ಕಿಟ್ಟರು. "ಏನಂದೆ? ನಿಮ್ಮಪ್ಪನ್ನ ಎತ್ತಿ ಆಡಿಸಿದೋಳು ನಾನು. ನನ್ನ ಮಾತಿಗೆ ಆಧಾರ ಕೇಳ್ತೀಯೇನೇ? ನಿಂಗೆ ಇವತ್ತು ಊಟ ಇಲ್ಲ, ಹೋಗು."

ಕಾಲು ಹಿಡಿದು, ಕೈ ಮುಗಿದು ಸಮಾಧಾನ ಮಾಡಿದೆ. ಸಾಫ್ಟ್‌ವೇರಿಗೆ ತಾರೀಖು ಬೇಕಲ್ಲ, ಎಮ್ಮೆಯ ಕಡೆಯಿಂದಾದರೂ ಹಿಡಿಯೋಣವೆಂದು, "ಹೋಗ್ಲಿ ಬಿಡತ್ತೆ, ಎಮ್ಮೆ ಈದಿದ್ದು ಯಾವಾಗ ಅದನ್ನ ಹೇಳು" ಅಂದೆ.

ಅತ್ತೆ ನನ್ನನ್ನು ಮರುಕದಿಂದ ನೋಡಿದರು.

"ನಿಮ್ಮಪ್ಪ ಹುಟ್ಟೋಕೆ ಮೂರು ದಿನ ಮುಂಚೆ ಕಣೇ. ಲೆಕ್ಕದ ಟೀಚರು ಅಂತೀಯ, ಇಷ್ಟೂ ಗೊತ್ತಾಗಲ್ವಾ?"

ಚಂದ್ರವಳ್ಳಿಯ ಬಂಡೆ

ಚಿತ್ರದುರ್ಗದಲ್ಲಿ ದೂರದ ದೊಡ್ಡಪ್ಪ ಒಬ್ಬರಿದ್ದಾರೆ. ನಮ್ಮ ವಂಶ ರಾಜರ ಕಾಲದ್ದು ಅಂತ ಅವರ ವಾದ. ಅತ್ತೆಯ ಮನೆಯಲ್ಲಿ ಬುದ್ಧಿ ಕಲಿತಿದ್ದ ನಾನು, "ದೊಡ್ಡಪ್ಪ, ತಪ್ಪು ತಿಳ್ಕೋಬೇಡಿ, ಇದಕ್ಕೆ ಏನಾದರೂ…" ಎಂದು ರಾಗ ಎಳೆದೆ.

"ಆಧಾರ ತಾನೆ? ಐತಲ್ಲ! ಚಂದ್ರವಳ್ಳಿ ಹತ್ರ ಬಂಡೆ ಮೇಲೆ ಬರ್ದೈತೆ. ನಡಿ, ಹೋಗಾಣ."

ಉರಿಬಿಸಿಲಿನಲ್ಲಿ ಆಟೋ ಹಿಡಿದು ಹೋದೆವು. ಮುಳ್ಳು ಕಂಟಿ ದಾಟಿಸಿ ಒಂದು ಬಂಡೆಯ ಮುಂದೆ ನಿಲ್ಲಿಸಿದರು. ಮಳೆ ಗಾಳಿಗೆ ಸವೆದ ನಾಲ್ಕು ಗೀಟುಗಳಿದ್ದವು. ಅಕ್ಷರವೋ, ಕುರಿ ಕಾಯುವವರು ಕತ್ತಿ ಮಸೆದ ಗುರುತೋ, ದೇವರಿಗೇ ಗೊತ್ತು.

"ಇದನ್ನ ಯಾರು ಓದಿದ್ದಾರೆ ದೊಡ್ಡಪ್ಪ?"

"ಯಾರಿಗೂ ಓದಾಕೆ ಬರಲ್ಲ" ಎಂದರು ದೊಡ್ಡಪ್ಪ, ಹೆಮ್ಮೆಯಿಂದ. "ಅದಕ್ಕೇ ಇದನ್ನ ಯಾವನೂ ಸುಳ್ಳು ಅನ್ನೋಂಗಿಲ್ಲ."

ಜೂನ್ ಒಂದು

ಬಾಯಿಮಾತು ಸಾಕೆನಿಸಿತು. ಅಜ್ಜ, ಅಪ್ಪ, ಚಿಕ್ಕಪ್ಪಂದಿರು ಓದಿದ ಹಳ್ಳಿಯ ಶಾಲೆಗೇ ಹೋಗಿ ದಾಖಲಾತಿ ನೋಡಿದೆ. ಅಜ್ಜ ಹುಟ್ಟಿದ್ದು ಜೂನ್ ಒಂದು. ಅಪ್ಪ ಜೂನ್ ಒಂದು. ಚಿಕ್ಕಪ್ಪಂದಿರಿಬ್ಬರೂ ಜೂನ್ ಒಂದು. ಆ ಪುಟಗಳಲ್ಲಿದ್ದ ಅಷ್ಟೂ ಹುಡುಗರು ಜೂನ್ ಒಂದು!

ಕಾರಣ ನನಗೆ ಗೊತ್ತಿಲ್ಲದ್ದಲ್ಲ. ಅಪ್ಪ ಮಗನನ್ನು ಎಳೆದುಕೊಂಡು ಬರುತ್ತಾನೆ, ವಯಸ್ಸು ಗೊತ್ತಿಲ್ಲ ಅನ್ನುತ್ತಾನೆ. ಮೇಷ್ಟ್ರು ಹುಡುಗನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟುತ್ತದೆಯೇ ಎಂದು ನೋಡುತ್ತಾರೆ. ಮುಟ್ಟಿದರೆ ಆರು ವರ್ಷ ತುಂಬಿತು. ಶಾಲೆ ಶುರುವಾಗುವ ಕಾಲ, ಜೂನ್ ಒಂದು ಎಂದು ಬರೆದರೆ ಕೆಲಸ ಮುಗಿಯಿತು. ಆದರೆ ಸಾಫ್ಟ್‌ವೇರಿಗೆ ಕಿವಿಯ ಲೆಕ್ಕ ಗೊತ್ತಿಲ್ಲವಲ್ಲ! ನಾನು ತುಂಬಿಸುತ್ತಾ ಹೋದಂತೆ, 'ಇವರೆಲ್ಲ ಒಬ್ಬರೇ ಇರಬಹುದೇ?' ಎಂದು ಕೇಳತೊಡಗಿತು.

ಸಿಟ್ಟು ತಡೆಯದೆ ಅಲ್ಲಿನ ಹೆಡ್‌ಮಾಸ್ತರನ್ನೇ ಕೇಳಿದ್ದೆ. "ಏನ್ ಸಾರ್ ಇದು? ಊರಿಗೆ ಊರೇ ಒಂದೇ ದಿನ ಹುಟ್ಟಿದೆಯಾ? ಯಾರಾದ್ರೂ ನಂಬ್ತಾರಾ?"

"ನಂಬೋ ಮಾತಲ್ಲ ಬಿಡ್ರಿ ಮೇಡಂ" ಎಂದರು ಅವರು ಗಂಭೀರವಾಗಿ. "ಆದ್ರೆ ನಾನು ಏನೂ ಅನ್ನೋಂಗಿಲ್ಲ. ನಂದೂ ಜೂನ್ ಒಂದೇ."

ಒತ್ತುವ ಕೈ

ಇಷ್ಟೆಲ್ಲ ಒದ್ದಾಡಿ ತುಂಬಿಸಿದ್ದನ್ನು ಒಂದು ದಿನ ಇಂಟರ್‌ನೆಟ್ಟಿನಲ್ಲಿ ನೋಡುತ್ತೇನೆ, ಅಜ್ಜನ ಹೆಸರಿನ ಕೆಳಗೆ ಹದಿನಾರು ಆಧಾರ! ನಾನು ಕೊಟ್ಟದ್ದು ಒಂದೇ, ಆ ಶಾಲಾ ದಾಖಲೆ. ಅದೇ ಹದಿನಾರು ಸಲ ಸಾಲಾಗಿ ನಿಂತಿದೆ. ಊಟ ಬಿಟ್ಟು ಸಂಪಾದಿಸಿದ್ದ ಅತ್ತೆಯ ಹೇಳಿಕೆ ಮಾತ್ರ ಅಪ್ಪನ ಹೆಸರಿನ ಕೆಳಗಿಂದ ಮಾಯ.

ಹಿರಿಯೂರಿಗೆ ಫೋನ್ ಮಾಡಿದೆ. "ಲೇ, ಏನೋ ಮಾಡಿದ್ದೀಯ ಅಲ್ಲಿ?"

"ಏನೂ ಇಲ್ಲಕ್ಕ. ಸಿಂಕ್ ಒತ್ತಿದಾಗೆಲ್ಲ ಒಂದೊಂದು ಆಧಾರ ಜಾಸ್ತಿ ಆಗ್ತೈತೆ."

"ಮತ್ತೆ ಯಾಕೋ ಒತ್ತುತ್ತೀಯ?"

"ಜಾಸ್ತಿ ಆಗೋದು ನಿಂತೈತೋ ಇಲ್ವೋ ನೋಡಾಣ ಅಂತ."

ಇಬ್ಬರು ತಿಪ್ಪೇಸ್ವಾಮಿಗಳು

ಇಲ್ಲಿಯವರೆಗೆ ನನ್ನ ತಲೆನೋವು ನನ್ನೊಬ್ಬಳದಾಗಿತ್ತು. ಆಮೇಲೆ ನಮ್ಮಣ್ಣನ ಮಗಳ ಮದುವೆ ಮಾತು ಬಂತು. ಗಂಡು ಹೊಸದುರ್ಗದವನು. ಬಂದ ಗಂಡುಗಳಿಗೆಲ್ಲ ಮೂಗು ಮುರಿದಿದ್ದ ಹುಡುಗಿ ಈ ಹುಡುಗನನ್ನು ನೋಡಿದ ಮೇಲೆ ಮನೆಯಲ್ಲಿ ತಾನಾಗಿ ಕಸ ಗುಡಿಸತೊಡಗಿದ್ದಳು. ನಮಗೆಲ್ಲ ಹಾಲು ಕುಡಿದಷ್ಟು ಸಂತೋಷ.

ಹಿರಿಯೂರಿನವನಿಗೆ ಸಂತೋಷ ಇನ್ನೂ ಹೆಚ್ಚಾಗಿ, ವೀಳ್ಯಶಾಸ್ತ್ರಕ್ಕೆ ಮುಂಚೆಯೇ ಗಂಡಿನ ಮನೆಯವರನ್ನೆಲ್ಲ ಮರಕ್ಕೆ ಹತ್ತಿಸಿಬಿಟ್ಟ. ಗಂಡಿನ ತಾತನ ಹೆಸರು ತಿಪ್ಪೇಸ್ವಾಮಿ. ನಮ್ಮ ಅಜ್ಜನ ಹೆಸರೂ ತಿಪ್ಪೇಸ್ವಾಮಿ. ಅದರಲ್ಲೇನೂ ಆಶ್ಚರ್ಯವಿಲ್ಲ, ಚಿತ್ರದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಆ ಹೆಸರು ಕೂಗಿದರೆ ಡ್ರೈವರು, ಕಂಡಕ್ಟರು, ಕಡಲೆಕಾಯಿ ಮಾರುವವನು ಮೂವರೂ ತಿರುಗಿ ನೋಡುತ್ತಾರೆ. ತಾತನೂ ಹುಟ್ಟಿದ್ದು ಜೂನ್ ಒಂದು. ಇಬ್ಬರೂ ಒಬ್ಬರೇನಾ ಎಂದು ಇಂಟರ್‌ನೆಟ್ ಕೇಳಿತಂತೆ. ಇವನು ಹೌದು ಅಂದಿದ್ದಾನೆ.

"ಯಾಕೋ ಹೌದು ಅಂದೆ ಪಾಪಿ?"

"ಇಲ್ಲ ಅಂದ್ರೆ ಇನ್ನೂ ಏನೇನೋ ಕೇಳ್ತಿತ್ತಕ್ಕ."

ಇದು ನನಗೆ ಗೊತ್ತಾಗಿದ್ದು ಗಂಡಿನ ದೊಡ್ಡಪ್ಪ ಫೋನ್ ಮಾಡಿದ ಮೇಲೆ. ಅವರು ಹೊಸದುರ್ಗದ ಸೈಬರ್‌ನಲ್ಲಿ ಪ್ರಿಂಟ್ ತೆಗೆಸಿ ನೆಂಟರಿಗೆಲ್ಲ ತೋರಿಸಿ ಆಗಿತ್ತು. "ಮೇಡಂ, ಈ ಮದುವೆ ಆಗಾಕಿಲ್ಲ. ನಿಮ್ಮಜ್ಜನೂ ನಮ್ಮಪ್ಪನೂ ಒಬ್ಬರೇ ಅಂತೆ. ಅಂದ್ರೆ ನಮ್ಮ ಹುಡುಗ ನಿಮ್ಮ ಹುಡುಗಿಗೆ ಚಿಕ್ಕಪ್ಪ ಆಗ್ತಾನೆ."

"ರೀ, ನಮ್ಮಜ್ಜ ತೀರಿಕೊಂಡು ಇಪ್ಪತ್ತು ವರ್ಷ ಆಯ್ತು. ನಿಮ್ಮಪ್ಪ ನಿಮ್ಮ ಮನೆಯಲ್ಲೇ ಇದ್ದಾರಲ್ರಿ! ಬೆಡಗೂ ಬೇರೆ ಬೇರೆ ಅಂತ ಮೊದಲೇ ಕೇಳಿದ್ದೀರಿ!" ನಮ್ಮಲ್ಲಿ ಒಂದೇ ಬೆಡಗು ಅಂದರೆ ಒಂದೇ ರಕ್ತ, ಅಲ್ಲಿ ಹೆಣ್ಣು ತರುವಂತಿಲ್ಲ.

"ಅದೇನೋ ಸರಿ. ಆದ್ರೆ ಈ ಕಾಗದದಾಗೆ ನನ್ನ ಹೆಸರು ಸರಿ ಐತೆ, ನನ್ನ ತಮ್ಮಂದಿರ ಹೆಸರೂ ಸರಿ ಅವೆ. ಉಳಿದಿದ್ದು ಹೆಂಗೆ ತಪ್ಪಾಗ್ತೈತೆ? ಒಂದಲ್ಲ ಎರಡಲ್ಲ, ಹದಿನಾರು ಆಧಾರ ಕೊಟ್ಟಾರೆ ಕಣಮ್ಮ!"

ಗಮನಿಸಿದಿರಾ, ಮಾತು ಮುಗಿಯುವಷ್ಟರಲ್ಲಿ ಮೇಡಂ ಹೋಗಿ ಅಮ್ಮ ಆಗಿದ್ದೆ. ಲೆಕ್ಕದ ಪ್ರಕಾರ ಅವರು ನನಗೂ ಚಿಕ್ಕಪ್ಪ ಆಗಿಬಿಟ್ಟಿದ್ದರು.

ಇತ್ತ ಅಣ್ಣನ ಮಗಳು ಪೊರಕೆ ಎಸೆದು ಮೂಲೆ ಸೇರಿದಳು. ನನ್ನ ಕಂಪ್ಯೂಟರಿನಲ್ಲಿ ಇಬ್ಬರು ತಿಪ್ಪೇಸ್ವಾಮಿಗಳನ್ನೂ ಬೇರೆ ಮಾಡಿದೆ. ಸಿಂಕ್ ಬಂದು ಒಂದು ಮಾಡಿತು. ಮತ್ತೆ ಬೇರೆ ಮಾಡಿದೆ. ಮತ್ತೆ ಒಂದು ಮಾಡಿತು. ಕೊನೆಗೆ ರಿಸೀವರ್ ಎತ್ತಿ ಗಂಡಿನ ದೊಡ್ಡಪ್ಪನಿಗೆ ಖಡಾಖಂಡಿತವಾಗಿ ಹೇಳಿದೆ: "ನಿಮ್ಮಪ್ಪನ್ನ ಕರ್ಕೊಂಡು ಬನ್ನಿ. ನಮ್ಮಜ್ಜನ ಮಗಳು, ನಮ್ಮತ್ತೆ, ಇನ್ನೂ ಗಟ್ಟಿಯಾಗಿದ್ದಾರೆ. ತನ್ನ ಅಪ್ಪ ಹೌದೋ ಅಲ್ಲವೋ, ಎಲ್ಲರ ಮುಂದೆ ನೋಡಿ ಹೇಳಲಿ."

ಭಾನುವಾರ ಚಿತ್ರದುರ್ಗದ ಅಣ್ಣನ ಮನೆಗೆ ಆಟೋ ಬಂತು. ಇಬ್ಬರು ಹಿಡಿದುಕೊಂಡು ತಾತನನ್ನು ಇಳಿಸಿದರು. ತೊಂಬತ್ತರ ಹತ್ತಿರದ ಜೀವ, ಬಿಳಿ ಪೇಟ, ಕಿವಿ ಪೂರಾ ಮಂದ. "ಬರ್ರಿ, ಕುಂತ್ಕಳ್ರಿ" ಎಂದು ಕುರ್ಚಿ ಹಾಕಿದೆವು. ಹಜಾರದ ತುಂಬ ಎರಡೂ ಕಡೆಯ ನೆಂಟರು. ಬಾಗಿಲ ಸಂದಿಯಲ್ಲಿ ಹುಡುಗಿಯ ಒಂದು ಕಣ್ಣು.

ಅತ್ತೆ ಎದ್ದು ತಾತನ ಮುಂದೆ ನಿಂತರು. ಸೊಂಟದ ಮೇಲೆ ಕೈಯಿಟ್ಟು ನೋಡಿದರು. ಬಗ್ಗಿ ನೋಡಿದರು. ತಾತ ಸುಮ್ಮನೆ ಅತ್ತೆಯ ಕಡೆ ನೋಡುತ್ತಾ ಎಲೆ ಅಡಿಕೆ ಜಗಿಯುತ್ತಿತ್ತು.

"ಇವರು ನಮ್ಮಪ್ಪ ಅಲ್ಲ" ಎಂದರು ಅತ್ತೆ.

"ಅದಕ್ಕೆ ಆಧಾರ?" ಎಂದರು ಗಂಡಿನ ದೊಡ್ಡಪ್ಪ, ಪ್ರಿಂಟ್ ಹಿಡಿದುಕೊಂಡು. ಈ ಮಾತಿಗೆ ಅತ್ತೆ ಏನು ಮಾಡುತ್ತಾರೆಂದು ನನಗಲ್ಲದೆ ಯಾರಿಗೆ ಗೊತ್ತು!

ಅತ್ತೆ ಬೈಯಲಿಲ್ಲ. "ನಮ್ಮಪ್ಪ ಆಗಿದ್ರೆ ಬಂದು ಇಷ್ಟೊತ್ತು ಆತಲ್ಲ, ನನ್ನ ಬೈಯದೆ ಕುಂತಿರ್ತಿದ್ನಾ?" ಅಂದರು.

ಹಜಾರವೆಲ್ಲ ಗೊಳ್ಳೆಂದಿತು. ಗಂಡಿನ ದೊಡ್ಡಪ್ಪನಿಗೂ ನಗು ತಡೆಯಲಾಗಲಿಲ್ಲ. ಪ್ರಿಂಟನ್ನು ಮಡಚಿ ಜೇಬಿಗೆ ತುರುಕಿ, "ಆತು ಬಿಡ್ರಿ, ವೀಳ್ಯದ ತಟ್ಟೆ ತರ್ರಿ" ಎಂದರು. ಬಾಗಿಲ ಸಂದಿಯ ಕಣ್ಣು ಒರೆಸಿಕೊಂಡು ಒಳಗೆ ಓಡಿತು.

ಇದೆಲ್ಲ ಏನೆಂದೇ ತಿಳಿಯದ ತಾತ ಮಗನ ತೋಳು ಜಗ್ಗಿತು. "ಯಾಕಲೇ ಎಲ್ಲ ನಗ್ತಾರೆ?"

ಮಗ ಅಪ್ಪನ ಕಿವಿಗೆ ಬಾಯಿಟ್ಟು ಕೂಗಿದರು: "ಕಂಪ್ಯೂಟರಿನಾಗೆ ನೀನು ಸತ್ತು ಇಪ್ಪತ್ತು ವರ್ಷ ಆತಂತೆ ಕಣಪ್ಪಾ!"

ತಾತ ಜಗಿಯುವುದನ್ನು ನಿಲ್ಲಿಸಿತು. ಆಮೇಲೆ ಮಗನನ್ನು ದುರುಗುಟ್ಟಿ ನೋಡಿ ಹಜಾರ ನಡುಗುವಂತೆ ಗದರಿತು:

"ಇಪ್ಪತ್ತು ವರ್ಷ ಆತಾ? ಹಿರೇರ ಹಬ್ಬಕ್ಕೆ ಒಂದು ಸಲನಾದ್ರೂ ನಂಗೆ ಎಡೆ ಇಟ್ಟೀಯೇನಲೇ?"