"ಬರ್ತೀನ್ರಿ" ಅಂದ್ಲು, ಹೋಗೇ ಬಿಟ್ಲು!

ಇಪ್ಪತ್ತು ವರ್ಷದಿಂದ ಹೈಸ್ಕೂಲಿನ್ಯಾಗ ಕನ್ನಡ ಕಲಿಸಾಕತ್ತೀನಿ. ಸಂಧಿ, ಸಮಾಸ, ವಿಭಕ್ತಿ ಎಲ್ಲಾ ನನ್ನ ಕಿಸೆದಾಗ ಅದಾವು. ಹಂಗಾಗಿ ಮಗಳ ಟ್ಯಾಬಿಗೆ ಮಾತು ತುಂಬೋ ಕೆಲಸ ಬಂದಾಗ, ಇಡೀ ಭಾಗ್ಯನಗರದಾಗ ನನಗಿಂತ ಯೋಗ್ಯ ಮನುಷ್ಯಾ ಯಾರೂ ಇಲ್ಲಂತ ನಾನೇ ಠರಾವು ಪಾಸ್ ಮಾಡ್ಕೊಂಡೆ!

ಮಗಳು ನೀಲಾ. ಏಳು ವರ್ಷ. ಆಟಿಸಂ ಐತಿ, ಬಾಯಿಲೆ ಮಾತಾಡಂಗಿಲ್ಲ. ಕೊಪ್ಪಳದಾಗ ಥೆರಪಿ ಮಾಡೋ ಮೇಡಂ ಆಕಿಗೆ ಟ್ಯಾಬ್ ಬಳಸೋದು ಕಲಿಸ್ಯಾರ. ಚಿತ್ರ ಒತ್ತಿದ್ರ ನಾವು ತುಂಬಿದ ಮಾತು ಕೇಳಸ್ತೈತಿ.

"ಮಾಸ್ತರ, ಆಕಿನ್ನ ನಮ್ಮಂಗ ಮಾಡೋದು ಥೆರಪಿ ಅಲ್ರಿ," ಅಂದಿದ್ರು ಮೇಡಂ. "ಕಣ್ಣಾಗ ಕಣ್ಣಿಟ್ಟು ನೋಡು ಅನಬ್ಯಾಡ್ರಿ. ಕೈ ಅಲ್ಲಾಡಿಸಿದ್ರ ಹಿಡೀಬ್ಯಾಡ್ರಿ. ಗದ್ದಲ ಇದ್ದಲ್ಲಿ ಕಿವಿಗೆ ಹೆಡ್‌ಫೋನ್ ಹಾಕ್ರಿ. ಆಕಿ ಹೇಳಿದ್ದು ಕೇಳಿ ನಡೀರಿ, ಮುಗೀತು. ಬ್ಯಾಡ, ಸಾಕು, ಹೋಗ್ತೀನಿ, ಈ ಮೂರು ಮಾತು ಮೊದಲು ತುಂಬ್ರಿ."

ಹೋಗ್ತೀನಿ? ನನ್ನ ಎದಿ ಝಲ್ ಅಂತು! ಮನಿ ಬಿಡೋವಾಗ ಯಾರರ ಹೋಗ್ತೀನಿ ಅಂತಾರೇನು? ನಮ್ಮವ್ವನ ಕಿವಿಗೆ ಬಿದ್ರ "ಬಿಡ್ತು ಅನ್ನು!" ಅಂತ ಕೂಗಿ ಓಣಿ ಒಂದು ಮಾಡ್ತಾಳ. ಹೋಗೋರು ಬರ್ತೀನಿ ಅನಬೇಕು, ಇದ್ದೋರು ಹೋಗಿ ಬಾ ಅನಬೇಕು. ಅದು ಸಂಸ್ಕಾರ. ಹಂಗಾಗಿ ಬಾಗಿಲ ಚಿತ್ರಕ್ಕ, ಕ್ಲಾಸಿನ್ಯಾಗ ಹಾಜರಿ ಕೂಗೋ ಗತ್ತಿನ್ಯಾಗ, "ಬರ್ತೀನ್ರಿ!" ಅಂತ ತುಂಬಿದೆ. ಏಳು ವರ್ಷದ ಕೂಸಿಗೆ ಮೀಸಿ ಮಾಸ್ತರನ ದನಿ!

"ರೀ, ಹೋಗೋದಕ್ಕ ಹೋಗ್ತೀನಿ ಅಂತ್ಲೇ ಇರ್ಲಿ. ಮಂದಿಗೆ ಹೆಂಗ ತಿಳೀಬೇಕು?" ಅಂದ್ಲು ನನ್ನ ಹೆಂಡ್ತಿ ಗಿರಿಜಾ.

"ಭಾಷಾ ವಿಷಯ ನನಗ ಬಿಡು," ಅಂದೆ. ಬಿಟ್ಲು ಪಾಪ.

ಮುಂದಿನ ವಾರ ಗಂಗಾವತಿಯಾಗ ಗಿರಿಜಾನ ಬಸುರಿ ತಂಗಿಯ ಕುಬಸ. ಬಾಡಿಗಿ ಕ್ರೂಸರ್ ಮಾಡ್ಕೊಂಡು ಎಲ್ಲಾರೂ ಹೊಂಟ್ವಿ. ಕಲ್ಯಾಣ ಮಂಟಪದ ಹಿಂದ ಕೆನಾಲು. ನೀಲಾಗ ಹರಿಯೋ ನೀರಂದ್ರ ಜೀವ. ಮನಿಯಾಗ ನಳ ಬಿಟ್ರ ತಾಸುಗಟ್ಟಲೆ ನೋಡ್ತಾ ನಿಲ್ತಾಳ.

"ಆಕಿ ಕೈ ಬಿಡಬ್ಯಾಡ್ರಿ. ನನಗ ಅಂಜಿಕಿ ಆಗ್ತೈತಿ," ಅಂದ್ಲು ಗಿರಿಜಾ.

"ನಾ ಅದೀನಲ್ಲ!"

ಈ ಮಾತು ನಾನು ಯಾವಾಗ ಅಂದೀನಿ, ಅವಾಗೆಲ್ಲಾ ಏನರ ಒಂದು ಆಗೈತಿ.

ಒಳಗ ಸೌಂಡ್ ಬಾಕ್ಸಿನ ಹೊಡತಕ್ಕ ನೆಲಾ ನಡಗ್ತಿತ್ತು. ಹೆಡ್‌ಫೋನ್? ಮಂದಿ ಏನಂತಾರಂತ ನಾನೇ ತಗದು ಚೀಲದಾಗ ಇಟ್ಟಿದ್ದೆ. ನೀಲಾ ಕಿವಿ ಮುಚ್ಚಿಕೊಂಡ್ಲು. ಆಮ್ಯಾಲೆ ಟ್ಯಾಬ್ ಒತ್ತಿದ್ಲು. "ಬರ್ತೀನ್ರಿ!"

"ಅಯ್ಯ ನಮ್ಮವ್ವ, ಎಷ್ಟು ಶಾಣ್ಯಾಕಿ!" ಅಂದ್ರು ಬೀಗರ ಪೈಕಿ ಒಬ್ಬ ಅಜ್ಜಿ.

ನನ್ನ ಎದಿ ಉಬ್ಬಿತು. "ಇನ್ನೊಮ್ಮೆ ಒತ್ತು ನೀಲಾ!" ಒತ್ತಿದ್ಲು. ನಾಕು ಮಂದಿ ಕೂಡಿದ್ರು. ಮತ್ತೊಮ್ಮೆ ಒತ್ತಿದ್ಲು. ಈ ಸಲ ನಾಟಕದ ದುಷ್ಯಂತನಂಗ ಕೈ ಎತ್ತಿ ಅಂದೆ, "ಹ್ಞೂ, ಹೋಗಿ ಬಾರವ್ವಾ!" ಎಲ್ಲಾರೂ ಚಪ್ಪಾಳಿ ತಟ್ಟಿದ್ರು. ಅಜ್ಜಿ ಕೊಟ್ಟ ಕರ್ಚಿಕಾಯಿ ಬಾಯಿಗಿಟ್ಟು ತಿರುಗಿ ನೋಡ್ತೀನಿ, ಮಗಳಿಲ್ಲ!

ಕರ್ಚಿಕಾಯಿ ಒಗದು ಹುಡುಕಾಕ ಹತ್ತಿದೆ. ಊಟದ ಹಾಲಿನ್ಯಾಗ ಇಲ್ಲ. ಅಡಗಿ ಮನಿಯಾಗ ಇಲ್ಲ. ಹಿಂದಿನ ಬಾಗಿಲು ಹಾರು ಹೊಡದಿತ್ತು. ಹೆಸರು ಹಿಡದು ಕೂಗಬೇಕಂದ್ರ, ಕೂಗಿದ್ರ ಓ ಅನ್ನೋ ಮಗಳಲ್ಲ ಆಕಿ. ಅಂಥಾ ಅಂಜಿಕಿ ನನ್ನ ವೈರಿಗೂ ಬ್ಯಾಡ.

ಕೆನಾಲಿಗೆ ಓಡಿದೆ. ಒಂದು ಚಪ್ಪಲಿ ದಾರಿಯಾಗೇ ಉಳೀತು. ನೀಲಾ ಹಾಕ್ಕೊಂಡಿದ್ದು ಹಳದಿ ಫ್ರಾಕು. ನೀರಿನ್ಯಾಗ ಹಳದಿ ಏನೋ ತೇಲ್ತಿತ್ತು. ಈಸು ಬರಂಗಿಲ್ಲ ಅನ್ನೋದು ನೆನಪಾಗೋದ್ರಾಗ ಜಿಗಿದಿದ್ದೆ!

ನೀರು ಮೊಣಕಾಲ ಮಟ ಇತ್ತು. ಕೈಗೆ ಸಿಕ್ಕಿದ್ದು ಗೊಬ್ಬರದ ಖಾಲಿ ಚೀಲ. ಅದನ್ನ ಎದಿಗೆ ಅವಚಿಕೊಂಡು ಸಣ್ಣ ಹುಡುಗರಂಗ ಅತ್ತೆ. ದಂಡಿ ಮ್ಯಾಲೆ ಬಟ್ಟಿ ಒಗಿಯೋ ಹೆಣ್ಮಗಳು, "ಯಾಕ್ರಿ ಯಣ್ಣಾ, ಅದರಾಗ ಏನಿತ್ತರಿ?" ಅಂದ್ಲು.

ಅಷ್ಟೊತ್ತಿಗೆ ಗಿರಿಜಾ ಕೂಗಿದ್ಲು. "ರೀ! ಸಿಕ್ಕಾಳ, ಬರ್ರಿ!"

ನೀಲಾ ಕ್ರೂಸರಿನ ಹಿಂದಿನ ಸೀಟಿನ್ಯಾಗ ಕುಂತಿದ್ಲು. ಆರಾಮಾಗಿ. ಕಿಡಕಿ ಹೊರಗ ಬೇವಿನ ಎಲಿ ಅಲ್ಲಾಡೋದು ನೋಡ್ಕೋತ ತಾನೂ ಕೈ ಅಲ್ಲಾಡಿಸಾಕತ್ತಿದ್ಲು. ಡ್ರೈವರ್ ಮೌಲಾಸಾಬ್ ಚಾಚಾ ಮುಂದ ಸುಮ್ನ ಕುಂತಿದ್ರು.

"ಬೇಟಿ ಬಂದು ಬರ್ತೀನ್ರಿ ಅಂದ್ಲು. ಬಾ ಅಂದೆ. ಹತ್ತಿ ಕುಂತಾಳ," ಅಂದ್ರು ಚಾಚಾ. "ಹಾಡು ಹಚ್ಚಿದ್ದೆ. ಸಾಕು ಅಂತ ಒತ್ತಿದ್ಲು, ಬಂದ್ ಮಾಡಿದೆ. ನಿಮಗ ಹೇಳಿ ಬಂದಾಳಂತ ತಿಳ್ಕೊಂಡಿದ್ದೆ ಮಾಸ್ತರ. ಹೇಳಿದ್ದಿಲ್ಲೇನ್ರಿ?"

ಹೇಳಿದ್ಲು. ಮೂರು ಸಲ. ನಾನು ಹೋಗಿ ಬಾ ಅಂತ ಅಪ್ಪಣೆನೂ ಕೊಟ್ಟಿದ್ದೆ! ಮೂರು ತಿಂಗಳಿಂದ ಮೇಡಂ ನನಗ ಕಲಿಸಿದ್ದರಾಗ ಚಾಚಾ ಒಂದು ಹಾಡು ಬಂದ್ ಮಾಡಿ ಪಾಸಾಗಿದ್ರು.

ಒದ್ದಿ ಧೋತರದಾಗೇ ಹತ್ತಿ, ಮಗಳನ್ನ ಅಪ್ಪಿಕೊಂಡು ಶುರು ಮಾಡಿದೆ. "ಎಲ್ಲಿಗೆ ಹೋಗಿದ್ದೆವ್ವಾ, ನಿಮ್ಮಪ್ಪನ ಜೀವ ಹೋಗಿತ್ತು, ಇನ್ನೊಮ್ಮೆ..."

"ಸಾಕು!" ಅಂತು ನನ್ನದೇ ದನಿ.

ಗಿರಿಜಾ ನನ್ನ ಕೈ ತಗದು, ಚೀಲದಾಗಿನ ಹೆಡ್‌ಫೋನ್ ಮಗಳಿಗೆ ಕೊಟ್ಲು. ಬೈದಿದ್ರ ಛಲೋ ಇತ್ತು.

ಅವತ್ತು ಸಂಜಿಕೇ ಬಾಗಿಲ ಚಿತ್ರಕ್ಕ "ಹೋಗ್ತೀನಿ" ತುಂಬಿದೆ. ನಮ್ಮವ್ವ "ಬಿಡ್ತು ಅನ್ನು!" ಅಂದ್ಲು. "ನೀ ಅನಬ್ಯಾಡಬೇ, ಗೇಟ್ ಹಾಕೈತೇನು ನೋಡು!" ಅಂದೆ. ಅವತ್ತಿನಿಂದ ನೀಲಾನ ನೆರಳಾಗೀನಿ. ಆಕಿ ಬಚ್ಚಲಕ್ಕ ಹೋದ್ರ ಬಾಗಿಲದಾಗ ನಾನು. ನಳದ ಮುಂದ ನಿಂತ್ರ ಬಾಜೂಕ ನಾನು. ಅಂಜಿಕಿ ಹೋಗವಲ್ದು, ಏನ್ ಮಾಡ್ಲಿ?

ನಿನ್ನೆ ಆಕಿ ನೀರು ನೋಡ್ಕೋತ ನಿಂತಾಗ ಎರಡು ಚಿತ್ರ ಒತ್ತಿದ್ಲು. "ಅಪ್ಪಾ. ಹೋಗ್ತೀನಿ."

ನಾ ದಡಬಡಿಸಿ ಚಪ್ಪಲಿ ಮೆಟ್ಟಿದೆ. "ನಡಿಯವ್ವ, ಎಲ್ಲಿಗೆ?"

ಆಕಿ ಜಾಗಾ ಬಿಟ್ಟು ಕದಲಲಿಲ್ಲ. ನನ್ನ ಹೊಟ್ಟಿಗೆ ಕೈ ಹಚ್ಚಿ ಬಾಗಿಲ ಕಡೆ ನೂಕಿದ್ಲು. "ಅಪ್ಪಾ. ಹೋಗ್ತೀನಿ."

ಒಳಗಿಂದ ಗಿರಿಜಾ ನಗಾಕತ್ತಿದ್ಲು. "ಆಕಿ ಎಲ್ಲಿಗೂ ಹೊಂಟಿಲ್ರಿ, ನಿಮಗ ಹೋಗು ಅಂತಾಳ!"

ಕರ್ತೃ ಪ್ರಥಮ ಪುರುಷ, ಕ್ರಿಯಾಪದ ಉತ್ತಮ ಪುರುಷ. ಇಂಥಾ ವಾಕ್ಯಕ್ಕ ಇಪ್ಪತ್ತು ವರ್ಷ ಕೆಂಪು ಗೆರಿ ಎಳದೀನಿ. ಇದರಷ್ಟು ಸ್ಪಷ್ಟ ವಾಕ್ಯ ಒಂದೂ ಓದಿಲ್ಲ.

"ಹೋಗ್ತೀನವ್ವ," ಅಂದೆ. ಹೋದೆ.