ಬೀಗರ ಮೀನಿನ ಶ್ರಾವಣ

ನಾನು ವಿಜ್ಞಾನದ ಮಾಸ್ತರ. ಬಸವಕಲ್ಯಾಣದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಒಂಬತ್ತನೇ ತರಗತಿಯ ಮಕ್ಕಳಿಗೆ ಒಂದೇ ಮಾತು ಹೇಳುತ್ತ ಬಂದಿದ್ದೇನೆ. ಆಹಾರ, ಉಷ್ಣತೆ, ಪರಿಸರ, ಈ ಮೂರು ನಮ್ಮ ಕೈಯಲ್ಲಿದ್ದರೆ ಯಾವ ಜೀವಿಯನ್ನಾದರೂ ಬೇಕಾದ ಹಾಗೆ ತಿದ್ದಬಹುದು. ನನ್ನ ಹೆಂಡತಿ ಸುವರ್ಣಾ ಈ ಮೂರನ್ನೂ ನನ್ನ ಮೇಲೆ ಪ್ರಯೋಗಿಸಿ ಸೋತು ಕೈಬಿಟ್ಟಿದ್ದಾಳೆ ಎಂಬುದನ್ನು ಮಾತ್ರ ಮಕ್ಕಳಿಗೆ ಹೇಳಿಲ್ಲ.

ಅಂಥವನ ಮನೆಗೆ ಕಳೆದ ಶ್ರಾವಣದಲ್ಲಿ ಒಂದು ಮೀನು ಬಂತು.

ಮೀನು ನಮ್ಮದಲ್ಲ, ಬೀಗರದು. ನನ್ನ ಮಗಳು ಪಲ್ಲವಿಯನ್ನು ಹುಮನಾಬಾದಿನ ಕಿರಾಣಿ ವ್ಯಾಪಾರಿ ವೀರಭದ್ರಪ್ಪನವರ ಮಗನಿಗೆ ಕೊಡುವುದೆಂದು ನಿಶ್ಚಯವಾಗಿತ್ತು. ಮದುವೆ ದೀಪಾವಳಿ ಆದಮೇಲೆ. ಅಷ್ಟರೊಳಗೆ ಬೀಗರು ತಾಯಿ, ಹೆಂಡತಿ, ಮಗ ಎಲ್ಲರನ್ನೂ ಕಟ್ಟಿಕೊಂಡು ಮೂರು ವಾರ ಕಾಶಿ ಕಡೆ ಯಾತ್ರೆ ಹೊರಟರು. ಮನೆಗೆ ಬೀಗ ಹಾಕಿದರೆ ಮೀನನ್ನು ನೋಡುವವರು ಯಾರು? ವಿಜ್ಞಾನ ಬಲ್ಲ ಬೀಗರು ಇರುವಾಗ ಚಿಂತೆ ಯಾಕೆ ಎಂದು ಯಾರೋ ಹೇಳಿದರಂತೆ. ಆ ಯಾರೋ ನಾನೇ.

ಗಾಜಿನ ತೊಟ್ಟಿ, ಹೀಟರ್, ಗಾಳಿ ಬಿಡುವ ಯಂತ್ರ, ಒಂದು ಸಣ್ಣ ಕನ್ನಡಿ, ಕೆಂಪು ಗುಳಿಗೆಗಳ ಡಬ್ಬಿ, ಇಷ್ಟು ಪರಿವಾರದೊಂದಿಗೆ ಮೀನು ಗಾಡಿಯ ಮುಂದಿನ ಸೀಟಿನಲ್ಲಿ ಕುಳಿತು ಬಂತು. ಬೀಗರು ಹಿಂದೆ ಕುಳಿತಿದ್ದರು. ಅದರ ಹೆಸರು ರಾಜಾ. ಜಾತಿ ಸಿಕ್ಲಿಡ್, ಪೇಟೆಯಲ್ಲಿ ಫ್ಲವರ್‌ಹಾರ್ನ್ ಎನ್ನುತ್ತಾರೆ. ಮೈಯೆಲ್ಲ ಕೆಂಪು. ಹಣೆಯ ಮೇಲೆ ಅರ್ಧ ತೆಂಗಿನಕಾಯಿ ಅಂಟಿಸಿದಷ್ಟು ದೊಡ್ಡ ಉಬ್ಬು. ಬೀಗರ ಮನೆಯಲ್ಲಿ ಅದನ್ನು ಗುಮ್ಮಟ ಎನ್ನುತ್ತಿದ್ದರು. ಗುಮ್ಮಟ ಏಳತೊಡಗಿದ ವರ್ಷ ಎರಡನೇ ಅಂಗಡಿ ಆಯಿತಂತೆ. ಇನ್ನಷ್ಟು ಎದ್ದ ಮೇಲೆ ಪಲ್ಲವಿಯಂಥ ಸೊಸೆ ಸಿಕ್ಕಳಂತೆ. ಅಂದರೆ ನನ್ನ ಮಗಳ ಸಂಬಂಧ ಕೂಡಿಬಂದದ್ದು ನನ್ನ ಮರ್ಯಾದೆಯಿಂದಲೂ ಅಲ್ಲ, ಅವಳ ಓದಿನಿಂದಲೂ ಅಲ್ಲ. ಮೀನಿನ ತಲೆಯಿಂದ.

"ದಿನಕ್ಕ ಎರಡು ಸರ್ತಿ ಐದೈದು ಗುಳಿಗಿ, ಐದು ಮಿನಿಟ್ ಕನ್ನಡಿ, ಹೀಟರ್ ಇಪ್ಪತ್ತೆಂಟಕ್ಕ. ಇಷ್ಟೇ ನೋಡ್ರಿ ಬೀಗರ," ಎಂದರು ವೀರಭದ್ರಪ್ಪ. ಗಾಡಿಯೊಳಗಿಂದ ಅವರ ತಾಯಿ ತಲೆ ಹೊರಹಾಕಿದರು. ಎಂಬತ್ತು ದಾಟಿದ ಮುದುಕಿ, ಎಲ್ಲರಿಗೂ ಆಯಿ. ಆ ಮನೆಯಲ್ಲಿ ಆಯಿ ಹ್ಞೂಂ ಅನ್ನದೆ ಅಕ್ಕಿಯ ಚೀಲವೂ ಬಿಚ್ಚುವುದಿಲ್ಲ. "ಗುಮಟಾ ಜರಾನೂ ಇಳೀಬಾರ್ದಪ್ಪ ಮಾಸ್ತರ. ಲಗ್ನದ ಮನಿ ಅದ, ಅಪಶಕುನ ಆಗಬಾರ್ದು," ಎಂದರು. ನಾನು ನಕ್ಕೆ. ಪಾಪ, ಇವರಿಗೆ ನನ್ನ ಯೋಗ್ಯತೆ ಗೊತ್ತಿಲ್ಲ ಎಂದುಕೊಂಡೆ. ಗೊತ್ತಾಗಲು ಮೂರು ವಾರ ಸಾಕಾಯಿತು.

ಮೊದಲ ತಪ್ಪು ಮಾಡಿದ್ದು ಮೊದಲ ದಿನವೇ. ಡಬ್ಬಿಯ ಮೇಲೆ ಬರೆದಿದ್ದನ್ನು ಓದಿದೆ. ಓದಿದ್ದು ತಪ್ಪಲ್ಲ, ಅಡುಗೆಮನೆಗೆ ಕೇಳುವ ಹಾಗೆ ಗಟ್ಟಿಯಾಗಿ ಓದಿದ್ದು ತಪ್ಪು. ಅದನ್ನು ಕನ್ನಡಕ್ಕೆ ಅನುವಾದಿಸಿ ಹೇಳಿದ್ದಂತೂ ಮಹಾಪರಾಧ. ಮೊದಲನೆಯದು ಮೀನಿನ ಪುಡಿ, ಎರಡನೆಯದು ಸಿಗಡಿಯ ಪುಡಿ, ಆಮೇಲೆ ಗೋಧಿ ಹಿಟ್ಟು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

ನಮ್ಮದು ಶ್ರಾವಣದಲ್ಲಿ ಉಳ್ಳಾಗಡ್ಡಿಯನ್ನೂ ಒಳಗೆ ಬಿಡದ ಮನೆ. ಸುವರ್ಣಾ ದಿನವೂ ಸಂಜೆ ಮಠದ ಪ್ರವಚನಕ್ಕೆ ಹೋಗುವವಳು. ಬೀಗರ ಮನೆಯೂ ಅಂಥದ್ದೇ, ಆದರೆ ಅಲ್ಲಿ ಆ ಡಬ್ಬಿ ಎರಡು ವರ್ಷದಿಂದ ದೇವರ ಜಗಲಿಯ ಪಕ್ಕದಲ್ಲೇ ನೆಮ್ಮದಿಯಾಗಿತ್ತು. ಅಲ್ಲಿ ಡಬ್ಬಿಯ ಮೇಲಿನದನ್ನು ಓದುವವರು ಯಾರೂ ಇರಲಿಲ್ಲ. ಹಿಟ್ಟಿನ ಕೈಯಲ್ಲೇ ಬಂದ ಸುವರ್ಣಾ, ಅದನ್ನು ಇವತ್ತೇ ಹೊರಗೆ ಒಗೆಯಬೇಕು, ಇಲ್ಲವಾದರೆ ಶ್ರಾವಣ ಮುಗಿಯುವ ತನಕ ತಾನು ತವರಿಗೆ ಹೋಗುತ್ತೇನೆ ಎಂದಳು. ಮೀನು ಏನು ತಿನ್ನಬೇಕು ಎಂದು ಕೇಳಿದೆ. "ನಾವೇನ್ ತಿಂತೀವಿ ಅದೇ ತಿನ್ಲಿ. ನಮ್ಮನಿಗಿ ಬಂದಾದಲ್ಲ?" ಎಂದಳು.

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಗಾಬರಿಯಾಗುತ್ತಿದ್ದರು. ನನಗೆ ಉತ್ಸಾಹ ಬಂತು. ಜಗತ್ತಿನಲ್ಲಿ ಇದುವರೆಗೆ ಯಾರೂ ಕೈಹಾಕದ ಮಹತ್ಕಾರ್ಯ ನನ್ನ ಪಡಸಾಲೆಗೇ ನಡೆದು ಬಂದಿತ್ತು. ಮಾಂಸಾಹಾರಿ ಮೀನನ್ನು ಶ್ರಾವಣದ ಮಟ್ಟಿಗೆ ಸಸ್ಯಾಹಾರಿ ಮಾಡುವುದು! ಡಬ್ಬಿಯನ್ನು ಪಲ್ಲವಿಯ ಕೈಗೆ ಕೊಟ್ಟು ಒಗೆದು ಬಾ ಎಂದೆ. ಅವಳು ಅದನ್ನೂ ನನ್ನನ್ನೂ ನೋಡಿ ಒಗೆಯಲು ಹೋದಳು.

ಬಟಾಣಿ ಬೇಯಿಸಿ ಸಿಪ್ಪೆ ಸುಲಿದು ಹಾಕಿದೆ. ರಾಜಾ ಮೂಸಿಯೂ ನೋಡಲಿಲ್ಲ. ಪಾಲಕ್ ಎಲೆ ತೇಲಿಬಿಟ್ಟೆ, ಅದನ್ನು ಛತ್ರಿ ಮಾಡಿಕೊಂಡು ಕೆಳಗೆ ಮಲಗಿತು. ನೆನೆಸಿದ ಹೆಸರುಕಾಳು ಹಾಕಿದೆ. ಮೂರನೇ ದಿನ ಒಂದು ಕಾಳನ್ನು ಬಾಯಿಗೆ ಹಾಕಿಕೊಂಡಿತು. ನಾನು ಉಸಿರು ಬಿಗಿಹಿಡಿದು ಗಾಜಿಗೆ ಮೂಗು ಹಚ್ಚಿದೆ. ಅದು ನನ್ನ ಕಡೆ ತಿರುಗಿ, ಸರಿಯಾಗಿ ನನ್ನ ಮೂಗಿನ ನೇರಕ್ಕೆ ಉಗುಳಿತು. ಐದು ದಿನ ಉಪವಾಸ ಕಳೆಯಿತು. ಮಠದಲ್ಲಿ ಪ್ರವಚನ ಕೇಳುವವರೂ ಇಷ್ಟು ಕಟ್ಟುನಿಟ್ಟಾಗಿ ಹಿಡಿದಿರಲಿಲ್ಲ.

ಆರನೇ ದಿನ ಬೆಳಿಗ್ಗೆ ನೋಡಿದರೆ ತೊಟ್ಟಿಯಲ್ಲಿ ಒಂದು ಬಟಾಣಿಯೂ ಇಲ್ಲ. ರಾಜಾ ಲವಲವಿಕೆಯಿಂದ ಓಡಾಡುತ್ತಿದೆ. ಏಳನೇ ದಿನವೂ ಹಾಗೆಯೇ. ನನಗಾದ ಆನಂದವನ್ನು ಏನೆಂದು ಹೇಳಲಿ? ಶಾಲೆಯಲ್ಲಿ ಪ್ರಕಟಿಸಿದೆ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಹೆಡ್‌ಮಾಸ್ತರರು ನಾಲ್ಕು ಜನ ಶಿಕ್ಷಕರೊಂದಿಗೆ ನೋಡಲು ಬಂದರು. ಸುವರ್ಣಾ ಎಲ್ಲರಿಗೂ ಚಹಾ ಕೊಟ್ಟು, ನಮ್ಮ ಮೀನು ಶ್ರಾವಣ ಹಿಡಿದಿದೆ ಎಂದು ಹೆಮ್ಮೆಯಿಂದ ಹೇಳಿದಳು. ಪಕ್ಕದ ಮನೆಯ ಶರಣಮ್ಮ ತೊಟ್ಟಿಯ ಮೇಲೆ ಎರಡು ಹೂವಿಟ್ಟು ಕೈಮುಗಿದಳು. ನಾನು ಕೈಮುಗಿಯಬೇಡಿ ಎನ್ನಲಿಲ್ಲ. ಆ ಕೈ ಅರ್ಧ ನನಗೂ ಮುಗಿದದ್ದು ಎಂದೇ ತಿಳಿದಿದ್ದೆ.

ಇಲ್ಲಿಗೆ ಸುಮ್ಮನಿದ್ದರೆ ನಾನು ನಾನಾಗುತ್ತಿರಲಿಲ್ಲ. ಆಹಾರ ಗೆದ್ದಾಯಿತು, ಇನ್ನು ಉಷ್ಣತೆ. ಇಪ್ಪತ್ತೆಂಟಕ್ಕೆ ಇಷ್ಟು ಹಸಿವಾದರೆ ಮೂವತ್ತಮೂರಕ್ಕೆ ಎಷ್ಟಾಗಬೇಡ? ಹೀಟರ್ ಏರಿಸಿದೆ. ರಾಜಾ ಮೇಲೆ ಬಂದು ಬಾಯಿ ತೆರೆದು ಮುಚ್ಚತೊಡಗಿತು. ಇನ್ನಷ್ಟು ಬಟಾಣಿ ಕೇಳುತ್ತಿದೆ ಎಂದು ಇನ್ನಷ್ಟು ಹಾಕಿದೆ. ಆಮೇಲೆ ಪರಿಸರ. ಈ ಮೀನು ಕನ್ನಡಿಯಲ್ಲಿ ಕಾಣುವುದನ್ನು ವೈರಿ ಎಂದು ತಿಳಿದು ಉಬ್ಬಿ ನಿಲ್ಲುತ್ತದೆ, ಆ ವ್ಯಾಯಾಮದಿಂದ ಗುಮ್ಮಟ ಏಳುತ್ತದೆ. ಐದು ಮಿನಿಟಿಗೆ ಇಷ್ಟು ಎದ್ದರೆ ಐದು ತಾಸಿಗೆ ಎಷ್ಟು? ಇದು ವಿಜ್ಞಾನವೂ ಅಲ್ಲ, ಬರೀ ಗಣಿತ. ಸೋಮವಾರ ಬೆಳಿಗ್ಗೆ ಪಲ್ಲವಿ ಬಿ.ಎಡ್. ತರಗತಿಗೆಂದು ಹುಮನಾಬಾದಿನ ಬಸ್ಸು ಹಿಡಿದಳು, ಸುವರ್ಣಾ ಮಠದಲ್ಲಿ ಹುಗ್ಗಿ ಮಾಡಲು ಹೋದಳು. ನಾನು ಸುವರ್ಣಾಳ ನಿಲುವುಗನ್ನಡಿಯನ್ನು ಎತ್ತಿ ತಂದು ತೊಟ್ಟಿಗೆ ಒರಗಿಸಿ ಶಾಲೆಗೆ ಹೋದೆ.

ಸಂಜೆ ಬಂದು ನೋಡಿದರೆ ರಾಜಾ ತಳಕ್ಕೆ ಹತ್ತಿ ಮಲಗಿದೆ. ಇಡೀ ದಿನ ತನ್ನೊಂದಿಗೆ ತಾನೇ ಜಗಳಾಡಿ ತುಟಿ ಒಡೆದುಕೊಂಡಿದೆ. ಕೆಂಪು ಬಣ್ಣ ಹೋಗಿ ಬೂದಿ ಬಣ್ಣ ಬಂದಿದೆ. ಗುಮ್ಮಟ ಇದ್ದಲ್ಲಿ ಬಯಲು. ಬೀಗರು ಬರಲು ಆರೇ ದಿನ. ಮೀನಿನ ಹಣೆ ಹೋದರೆ ಹೋಗಲಿ, ಮಗಳ ಹಣೆಬರಹ ಕೆಡಿಸಿದೆನಲ್ಲ ಎಂದು ನಿಜವಾಗಿಯೂ ಅಳು ಬಂತು.

ಊರಲ್ಲಿ ಮೀನು ಬಲ್ಲವರೆಂದರೆ ಗಫೂರ್ ಸಾಬ್. ಬಸ್ಸಿನ ಮೆಕ್ಯಾನಿಕ್ ಆಗಿ ನಿವೃತ್ತರಾದವರು, ಮನೆಯಲ್ಲಿ ಎಂಟು ತೊಟ್ಟಿ ಇಟ್ಟಿದ್ದಾರೆ. ಅವರು ಬಂದವರೇ ಹೀಟರ್ ಇಳಿಸಿ, ಕನ್ನಡಿಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ನೀರಿಗೆ ಒಂದು ಹಿಡಿ ಕಲ್ಲುಪ್ಪು ಹಾಕಿದರು. ಬಟಾಣಿಯ ಕಥೆ ಕೇಳಿ ಬಹಳ ಹೊತ್ತು ಮೀನಿನ ಹೊಟ್ಟೆಯನ್ನು ನೋಡಿದರು. "ಹೊಟ್ಟಿ ಬರಾಬರ್ ಅದ ಸರ್. ಕೆಟ್ಟಿದ್ದು ತೆಲಿ," ಎಂದು ಪಲ್ಲವಿಯ ಕಡೆ ನೋಡಿದರು. ಪಲ್ಲವಿ ನೆಲ ನೋಡಿದಳು. ಬಣ್ಣ ಬರಬೇಕಾದರೆ ದಿನಕ್ಕೊಂದು ಒಣ ಸಿಗಡಿ ಕೊಡಲೇಬೇಕು ಎಂದು ಹೇಳಿ, ಮರುದಿನ ತಮ್ಮ ಮನೆಯಲ್ಲಿದ್ದದ್ದನ್ನೇ ಒಂದು ಹಿಡಿ ಕೊಟ್ಟರು.

ಸಿಗಡಿಯನ್ನು ಸೀಮೆಸುಣ್ಣದ ಡಬ್ಬಿಯಲ್ಲಿ ತುಂಬಿ, ಕಪಾಟಿನಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳ ಹಿಂದೆ ಅಡಗಿಸಿದೆ. ಎರಡು ದಿನ ಕದ್ದು ಕೊಟ್ಟೆ. ರಾಜಾ ಗಬಕ್ಕನೆ ನುಂಗಿತು, ಬಣ್ಣವೂ ಸ್ವಲ್ಪ ತಿರುಗಿತು. ಮೂರನೇ ದಿನ ಸಿಗಡಿ ಕೆಟ್ಟಿದೆಯೇನೋ ಎಂದು ಅನುಮಾನ ಬಂತು. ಒಂದನ್ನು ಬೆರಳಲ್ಲಿ ಹಿಡಿದು, ಕಣ್ಣುಮುಚ್ಚಿ, ಮೂಗಿನ ಹತ್ತಿರ ತಂದು ದೀರ್ಘವಾಗಿ ಮೂಸಿದೆ. ಕಣ್ಣು ತೆರೆದರೆ ಬಾಗಿಲಲ್ಲಿ ಶರಣಮ್ಮ. ಪ್ರವಚನಕ್ಕೆ ಸುವರ್ಣಾಳನ್ನು ಕರೆಯಲು ಬಂದವಳು ಒಂದು ಮಾತೂ ಆಡದೆ ಹಿಂದೆ ತಿರುಗಿದಳು. ಶರಣಮ್ಮ ಮಾತಾಡದೆ ಹೋದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅವಳು ಮಾತುಗಳನ್ನೆಲ್ಲ ಮಠಕ್ಕಾಗಿ ಕಾದಿಟ್ಟಿದ್ದಳು. ಸುವರ್ಣಾ ಪ್ರವಚನದಿಂದ ಮರಳಿದವಳು ನನ್ನ ತಾಟನ್ನು ಹೊರಗಿನ ಕಟ್ಟೆಯ ಮೇಲಿಟ್ಟಳು. ಮಾಸ್ತರ ಶ್ರಾವಣದಲ್ಲಿ ಕಪಾಟಿನ ಬಾಗಿಲ ಮರೆಯಲ್ಲಿ ಸಿಗಡಿ ತಿನ್ನುತ್ತಾನೆ ಎಂಬ ಸುದ್ದಿ ಮರುದಿನ ಹುಮನಾಬಾದ್ ತಲುಪಿತು, ಅಲ್ಲಿಂದ ಫೋನಿನಲ್ಲಿ ಕಾಶಿಗೂ ಹೋಯಿತು. ಎಷ್ಟು ಹೇಳಿದರೂ ಮೀನಿಗಾಗಿ ಎಂದು ಯಾರೂ ನಂಬಲಿಲ್ಲ. ನಂಬುವುದು ಹೇಗೆ? ಆ ಮೀನು ಶಾಕಾಹಾರಿ ಎಂದು ಊರಿಗೆಲ್ಲ ಸಾರಿದವನು ನಾನೇ.

ಬೀಗರು ಯಾತ್ರೆಯಿಂದ ಮನೆಗೂ ಹೋಗದೆ ನೆಟ್ಟಗೆ ನಮ್ಮಲ್ಲಿಗೆ ಬಂದರು. ಆಯಿ ಪಡಸಾಲೆಯ ನಡುವೆ ಕುಳಿತರು, ನೀರೂ ಮುಟ್ಟಲಿಲ್ಲ. ಇಂಥ ಮನೆಯಿಂದ ಹೆಣ್ಣು ತಂದರೆ ನಾಲ್ಕು ಜನ ಏನನ್ನುತ್ತಾರೆ ಎಂದು ಕೇಳಿದರು. ನಾನು ಡಬ್ಬಿಯ ಮೇಲೆ ಓದಿದ್ದೆಲ್ಲವನ್ನೂ ಹೇಳಿ ನನ್ನನ್ನು ಉಳಿಸಿಕೊಳ್ಳಲು ಹೋದೆ. ಎರಡು ವರ್ಷ ನಿಮ್ಮ ಜಗಲಿಯ ಪಕ್ಕದಲ್ಲಿ ಇದ್ದದ್ದೂ ಮೀನಿನ ಪುಡಿಯೇ ಎಂದು ಅನುವಾದ ಸಮೇತ ವಿವರಿಸಿದೆ. ವೀರಭದ್ರಪ್ಪನವರ ಮುಖ ಕಪ್ಪಿಟ್ಟಿತು. ಸುವರ್ಣಾ ತಲೆಯ ಮೇಲೆ ಕೈಯಿಟ್ಟಳು. ಮುರಿಯುವುದರಲ್ಲಿದ್ದ ಸಂಬಂಧವನ್ನು ನಾನು ನನ್ನ ಕೈಯಾರೆ ಮುರಿಯುತ್ತಿದ್ದೆ.

ಆಗ ಪಲ್ಲವಿ ಒಳಗೆ ಹೋಗಿ ತನ್ನ ಕಾಲೇಜಿನ ಚೀಲ ತಂದಳು. ಅದರೊಳಗಿನಿಂದ ಕೆಂಪು ಗುಳಿಗೆಗಳ ಡಬ್ಬಿ ತೆಗೆದು ಆಯಿಯ ಮುಂದಿಟ್ಟಳು. ಅರ್ಧ ಖಾಲಿಯಾಗಿತ್ತು. ಐದನೇ ದಿನದ ಸಂಜೆಯಿಂದ ಎರಡು ಹೊತ್ತೂ ಐದೈದು ಗುಳಿಗೆ ಹಾಕಿದ್ದೇನೆ, ಬಟಾಣಿಯನ್ನೆಲ್ಲ ಜಾಲರಿಯಿಂದ ತೆಗೆದು ಹಿತ್ತಲಿಗೆ ಚೆಲ್ಲಿದ್ದೇನೆ, ಆ ಸಿಗಡಿಯೂ ಖರೇ ಮೀನಿಗೇ ತಂದದ್ದು ಎಂದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹೆಡ್‌ಮಾಸ್ತರರು ಚಹಾ ಕುಡಿದು ಹೊಗಳಿ ಹೋದ ಆ ವಿಜ್ಞಾನವೆಲ್ಲ ಹಿತ್ತಲಲ್ಲಿ ಬಿದ್ದಿತ್ತು.

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಆಯಿ ಕೇಳಿದರು.

"ಮೀನು ಉಪಾಸ ಇತ್ರಿ ಆಯಿ. ಅಪ್ಪ ಖುಷಿಯಾಗಿದ್ದ. ಇಬ್ಬರಿಗೂ ತಕಲೀಫ್ ಆಗಬಾರ್ದಂತ ಸುಮ್ಮನಿದ್ದೆ," ಎಂದಳು ಪಲ್ಲವಿ.

ಆಯಿ ಅವಳನ್ನು ಹತ್ತಿರ ಕರೆದು ಕೂರಿಸಿಕೊಂಡರು. ಮೊದಲ ಬಾರಿಗೆ ನೀರು ಕೇಳಿ ಕುಡಿದರು. ಡಬ್ಬಿಯನ್ನು ತಿರುವಿ ಮುರುವಿ ನೋಡಿ ಮಗನ ಕೈಗೆ ಕೊಟ್ಟು, ಇನ್ನು ತಮ್ಮ ಮನೆಯಲ್ಲಿ ದೇವರ ಜಗಲಿಯ ಪಕ್ಕದಿಂದ ತೊಟ್ಟಿಯನ್ನೂ ಡಬ್ಬಿಯನ್ನೂ ಪಡಸಾಲೆಗೆ ಸರಿಸಿದರಾಯಿತು ಎಂದರು. ಅಪ್ಪನಂಥ ಅಪ್ಪನನ್ನೇ ಸಂಭಾಳಿಸಿದವಳು ತಮ್ಮ ಮನೆಯನ್ನು ಸಂಭಾಳಿಸುವುದಿಲ್ಲವೇ ಎಂದು ಸುವರ್ಣಾಳನ್ನು ಕೇಳಿದರು. ಸುವರ್ಣಾ ಕಣ್ಣೊರೆಸಿಕೊಂಡು ಹೌದ್ರಿ ಹೌದ್ರಿ ಎಂದಳು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಮಗಳ ಮೇಲೆ ಪ್ರೀತಿ ಉಕ್ಕಿ ಬಂತು, ನನ್ನ ಮೇಲೆ ಮಾತ್ರ ಬರಲಿಲ್ಲ.

ಎಲ್ಲ ಸರಿಹೋಯಿತಲ್ಲ ಎಂದು ನಾನು ಗಂಟಲು ಸರಿಮಾಡಿಕೊಂಡೆ. ದೂರದಿಂದ ಬಂದು ದಣಿದಿದ್ದೀರಿ, ರಾಜಾನೂ ಇನ್ನೂ ಪೂರ್ತಿ ಗುಣವಾಗಿಲ್ಲ, ಒಂದೆರಡು ವಾರ ಇಲ್ಲೇ ಇರಲಿ, ಗುಮ್ಮಟವನ್ನು ಮೊದಲಿನ ಹಾಗೆ ಎಬ್ಬಿಸಿ ಕಳಿಸುತ್ತೇನೆ ಎಂದೆ. ಆಯಿ ಕೋಲು ಊರಿ ಎದ್ದು ನಿಂತರು.

"ಹುಡುಗಿನ್ನ ದೀಪಾವಳಿ ತನಕ ನಿಮ್ಮ ಹಂತ್ಯಾಕ ಬಿಡ್ತೀವಿ ಮಾಸ್ತರ. ಮೀನನ್ನ ಮಾತ್ರ ಈಗೇ ಒಯ್ತೀವಿ," ಎಂದರು.

ರಾಜಾನನ್ನು ಬಿಟ್ಟಿದ್ದ ಬಕೆಟ್ಟನ್ನು ಗಾಡಿಯ ತನಕ ನಾನೇ ಹೊತ್ತೆ. ಅಷ್ಟರ ಮಟ್ಟಿಗೆ ನನ್ನನ್ನು ನಂಬಿದರು. ಅದೂ ಪಲ್ಲವಿ ಇನ್ನೊಂದು ಕಡೆ ಹಿಡಿದುಕೊಂಡಿದ್ದಳು ಅಂತ.