ನಾನು ಬರ್ಗರ್ ಮಾಡಿದ್ದು

ನನ್ನ ನೆನಪನ್ನು ನಾನೇ ಅಷ್ಟಾಗಿ ನಂಬುವುದಿಲ್ಲ. ನಡೆದದ್ದಕ್ಕಿಂತ ನಾನು ಮೆರೆದದ್ದನ್ನೇ ಅದು ಹೆಚ್ಚು ಜೋಪಾನವಾಗಿ ಇಟ್ಟುಕೊಂಡಿರುತ್ತದೆ. ಹಾಗಾಗಿ ಈ ಸಂಗತಿಯನ್ನು ಮರುದಿನವೇ ಡೈರಿಯಲ್ಲಿ ಬರೆದಿಟ್ಟೆ. ಆದರೂ ಬರೆದವನು ನಾನೇ ಎಂಬುದನ್ನು ಓದುಗರು ಮರೆಯಬಾರದು.

ಜಹೀರಾಬಾದಿನ ಹೈವೇ ಬದಿಯ ಅಂಗಡಿಯಲ್ಲಿ ಬರ್ಗರಿನ ಬೆಲೆ ನೋಡಿದ ದಿನ, "ಇಷ್ಟು ರೊಕ್ಕದಾಗ ಮನಿಮಂದಿಗೆಲ್ಲ ನಾನೇ ಮಾಡಿ ಹಾಕ್ತೀನಿ" ಎಂದು ಮಗಳು ಸುಮಾಳ ಮುಂದೆ ಎದೆಯುಬ್ಬಿಸಿದ್ದೆ. ಅವಳು ಆ ಮಾತನ್ನು ಶಾಲೆಯ ತನಕ ಒಯ್ದು, ಭಾನುವಾರಕ್ಕೆ ನಾಲ್ವರು ಗೆಳತಿಯರನ್ನು ಕರೆದೇಬಿಟ್ಟಳು. "ಪಪ್ಪಾ, ಚಲೋ ಆಗಲಿಲ್ಲಂದ್ರ ನಾ ಮತ್ತ ಸಾಲಿಗೆ ಹೋಗಂಗಿಲ್ಲ ನೋಡು" ಎಂದು ಎಚ್ಚರಿಕೆಯನ್ನೂ ಕೊಟ್ಟಳು.

ಎಂ.ಎ. ಓದಿದವನಿಗೆ ಆಲೂಗಡ್ಡೆ ಯಾವ ಲೆಕ್ಕ! ಬೇಯಿಸಿ, ಬಟಾಣಿ, ಹಸಿಮೆಣಸಿನಕಾಯಿ ಸೇರಿಸಿ ನಾದಿ, ಬಿಲ್ಲೆ ತಟ್ಟಿ ಎಣ್ಣೆಗೆ ಬಿಟ್ಟೆ. ಬಿಟ್ಟದ್ದು ಬಿಲ್ಲೆ, ತೆಗೆದದ್ದು ಪಲ್ಯ. ಎರಡನೆಯದರ ಗತಿಯೂ ಅಷ್ಟೇ. ಬ್ರೆಡ್ಡಿನ ಪುಡಿ ಬೆರೆಸಬೇಕಿತ್ತೆಂದು ಮೊಬೈಲು ಆಮೇಲೆ ಹೇಳಿತು. ಮನೆಯಲ್ಲಿ ಬ್ರೆಡ್ಡಿರಲಿಲ್ಲ, ತಂದಿಟ್ಟ ಬನ್ನುಗಳು ಪುಡಿಯಾಗದಷ್ಟು ಮೆತ್ತಗಿದ್ದವು, ಪಡಸಾಲೆಯಲ್ಲಿ ಹುಡುಗಿಯರು ಬಂದು ಕೂತಾಗಿತ್ತು. ಸುಮಾ ಬಾಗಿಲಲ್ಲಿ ನಿಂತು ಬಾಣಲೆ ನೋಡಿದಳು. ಕಣ್ಣುಗಳು ತುಂಬಿಕೊಂಡಿದ್ದವು.

ಅಷ್ಟರಲ್ಲಿ ಅವ್ವ ಬಂದಳು. "ಏನ್ ಮಾಡಾಕತ್ತೀಯೋ ಯಪ್ಪಾ? ಎಣ್ಣಿಯಾಗ ಪಲ್ಯ ಕುದಸ್ತಾರೇನು?"

"ಗಟ್ಟಿ ಹಿಡಿಯಾಕ ಬ್ರೆಡ್ ಪುಡಿ ಬೇಕವ್ವಾ."

"ಡಬ್ಬಿ ತುಂಬ ಖಡಕ್ ರೊಟ್ಟಿ ಅದಾವ. ಕಣ್ಣಿಗೆ ಕಾಣಲಿಲ್ಲೇನು?"

ಒಣಗಿದ ಜೋಳದ ರೊಟ್ಟಿಗಳನ್ನು ಅವ್ವ ಪಟಪಟ ಮುರಿದು ಪುಡಿ ಮಾಡಿದಳು. ಅರ್ಧವನ್ನು ಆಲೂಗಡ್ಡೆಗೆ ಬೆರೆಸಿ, ಇನ್ನರ್ಧವನ್ನು ಮೇಲೆ ಹಚ್ಚಿ, ತಾನೇ ತಟ್ಟಿದಳು. ಬಿಲ್ಲೆ ಒಡೆಯಲಿಲ್ಲ. ಆದರೆ ಜೀವನವಿಡೀ ರೊಟ್ಟಿ ಬಡಿದ ಕೈ, ಒಂದೊಂದೂ ತಾಟಿನಷ್ಟಗಲ! ಬನ್ನು ಅದರ ಮೇಲೆ ದೊಡ್ಡವರ ತಲೆಗೆ ಕೂಸಿನ ಕುಲಾವಿ ಇಟ್ಟಂತೆ ಕೂತಿತು. ಅವ್ವ ಹೇಳಿಕೊಟ್ಟಂತೆ ಡಬ್ಬಿಯ ಮುಚ್ಚಳ ಒತ್ತಿ ಗುಂಡಗೆ ಕತ್ತರಿಸಿದೆ.

"ಅಂಕಲ್, ಅಂಗಡ್ಯಾಗಿನದಕ್ಕಿಂತ ಕುರುಕುರು ಆಗ್ಯಾವ್ರಿ! ಏನ್ ಹಾಕೀರಿ?" ಎಂದಳು ಒಬ್ಬ ಹುಡುಗಿ. ಸುಮಾ ನನ್ನತ್ತ ನೋಡಿದ ನೋಟದಲ್ಲಿ ನಾನು ಒಂದಡಿ ಎತ್ತರವಾದೆ.

"ಅದು ನಮ್ಮ ಮನೆತನದ ಗುಟ್ಟು" ಎಂದೆ.

ಒಳಗಿನಿಂದ ಅವ್ವನ ದನಿ: "ಹೌದವ್ವಾ, ಭಾಳ ಹಳೇ ಗುಟ್ಟು. ಹೋದ ಅಮಾಸಿಗೆ ಬಡದಿಟ್ಟಿದ್ದೆ."

ಹುಡುಗಿಯರು ಬಿದ್ದು ಬಿದ್ದು ನಕ್ಕು, ಇನ್ನೊಂದೊಂದು ಕೇಳಿದರು. ನಾನೇ ಎದ್ದು ಬಡಿಸಿದೆ. ಆ ದಿನ ಯಾರ ನೆರವೂ ಇಲ್ಲದೆ ನಾನು ಮಾಡಿದ ಕೆಲಸ ಅದೊಂದೇ, ಮತ್ತು ಅದನ್ನು ಬಹಳ ಚೆನ್ನಾಗಿ ಮಾಡಿದೆ.